ಹಿಮವನ್ನೇ ನೋಡದವರಿಗೆ ಫಿನ್ಲೆಂಡ್‌ನ ಹಳ್ಳಿಯಲ್ಲಿ ಏನು ಮಾಡಿಸುವುದು?

ಪ್ರಶ್ನೆ: ನಾನು ಶಿವಮೊಗ್ಗದವಳು. ಫಿನ್ಲೆಂಡ್‌ನ ತಾಂಪೆರೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬರುವ ಫೆಬ್ರವರಿಯಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿ ಸಮ್ಮೇಳನ ಊರಾಚೆ, ಕೆರೆದಂಡೆಯ ಒಂದು ಕೋರ್ಸ್ ಸೆಂಟರಿನಲ್ಲಿ ನಡೆಯಲಿದೆ. ಮೂರು ರಾತ್ರಿ, ಬೇರೆ ಬೇರೆ ದೇಶದ 45 ಜನ. ಉಪನ್ಯಾಸ ಬಿಟ್ಟು ಉಳಿದ ಹೊತ್ತಿನ ಕಾರ್ಯಕ್ರಮದ ಹೊಣೆ ನನ್ನದು. ಇಲ್ಲಿಯ ಸಹಪಾಠಿಗಳು "ಸೌನಾ (ಹಬೆಯ ಬಿಸಿಕೋಣೆ) ಇದೆ, ಕೆರೆಯಲ್ಲಿ ಮಂಜುಗಡ್ಡೆ ಕೊರೆದ ಹೊಂಡ ಇದೆ, ಇನ್ನೇನು ಬೇಕು?" ಅನ್ನುತ್ತಾರೆ. ಆದರೆ ಬರುವವರಲ್ಲಿ ಅರ್ಧ ಜನ ಹಿಮವನ್ನೇ ನೋಡಿಲ್ಲ. ಈಜು ಬಾರದವರು, ಕುಡಿಯದವರು, ಮಾಂಸ ತಿನ್ನದವರು ಇದ್ದಾರೆ. ಖರ್ಚಿಗೆ ಜಾಸ್ತಿ ಹಣವೂ ಇಲ್ಲ. ಏನು ಮಾಡಿಸಲಿ?

ಉತ್ತರ: ಸೌನಾ ಇರಲೇಬೇಕು, ಅದರಲ್ಲಿ ನಿಮ್ಮ ಸಹಪಾಠಿಗಳ ಮಾತು ಸರಿ. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅಂತ ಇಂಥ ಚಳಿಗಾಲದ ಶಿಬಿರಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಧೈರ್ಯ ಇರುವ ಹತ್ತು ಹದಿನೈದು ಜನ ಸೌನಾಕ್ಕೆ ಹೋಗುತ್ತಾರೆ, ಕೆರೆಗೆ ಇಳಿಯುತ್ತಾರೆ, ಕೂಗಿ ಕುಣಿದು ಖುಷಿಪಡುತ್ತಾರೆ. ಉಳಿದವರು ಕೋಣೆ ಸೇರಿ ಫೋನ್ ಹಿಡಿದು ಕೂರುತ್ತಾರೆ. ಮರುದಿನ ತಿಂಡಿಯ ಹೊತ್ತಿಗೆ ಎರಡು ಗುಂಪಾಗಿರುತ್ತದೆ. ಆಮೇಲೆ ಅವನ್ನು ಒಂದು ಮಾಡುವುದು ತುಂಬಾ ಕಷ್ಟ.

ಆದ್ದರಿಂದ ನನ್ನ ಸಲಹೆ ಇದು: ಬಂದವರ ಕೈಗೆ ಏನಾದರೂ ಕೆಲಸ ಕೊಡಿ. ಗುರುತಿಲ್ಲದ ಹತ್ತು ಜನರನ್ನು ಸುಮ್ನೆ ಸುತ್ತ ಕೂರಿಸಿ "ನಿಮ್ಮ ಪರಿಚಯ ಹೇಳಿ" ಅಂದರೆ ಎಲ್ಲರೂ ಬಿಗಿಯಾಗುತ್ತಾರೆ. ಅದೇ ಹತ್ತು ಜನರ ಕೈಗೆ ಒಂದು ಬಕೆಟ್, ಒಂದಿಷ್ಟು ಸೌದೆ, ಒಂದು ಮುದ್ದೆ ಹಿಟ್ಟು ಕೊಟ್ಟು ನೋಡಿ. ಇಂಗ್ಲಿಷ್ ಸರಿಯಾಗಿ ಬಾರದವರೂ ಮಾತಿಗೆ ಇಳಿಯುತ್ತಾರೆ. ಫಿನ್ನಿಶ್ ವಿದ್ಯಾರ್ಥಿಗಳಿಗೂ ಇದೇ ಅನುಕೂಲ. ಸುಮ್ಮಸುಮ್ಮನೆ ಹರಟೆ ಹೊಡೆಯಲು ಅವರಿಗೆ ಬಾರದು, ಆದರೆ ಬೆಂಕಿ ಹೊತ್ತಿಸುವುದನ್ನು ಕಲಿಸಿ ಅಂದರೆ ಗಂಟೆಗಟ್ಟಲೆ ಕಲಿಸುತ್ತಾರೆ.

ಮೊದಲು ವೇಳಾಪಟ್ಟಿ ತಿದ್ದಿ. ಇದು ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಫೆಬ್ರವರಿ ಎರಡನೇ ವಾರದಲ್ಲಿ ತಾಂಪೆರೆ ಕಡೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ಮುಳುಗುವುದು ಸಂಜೆ ಐದರ ಸುಮಾರಿಗೆ. ಒಂಬತ್ತರಿಂದ ಐದರವರೆಗೆ ಉಪನ್ಯಾಸ ಇಟ್ಟರೆ ಇರುವ ಬೆಳಕೆಲ್ಲ ಪ್ರೊಜೆಕ್ಟರ್ ಮುಂದೆಯೇ ಕಳೆದುಹೋಗುತ್ತದೆ. ದೂರದ ದೇಶದಿಂದ ಬಂದವರು ಮೂರು ದಿನ ಇದ್ದೂ ಕಾಡನ್ನು ಕತ್ತಲಲ್ಲೇ ನೋಡಿ ಹೋಗುತ್ತಾರೆ. ನಿಮ್ಮ ಪ್ರೊಫೆಸರ್ ಹತ್ತಿರ ಕೂತು ಮಾತಾಡಿ. ಮಧ್ಯಾಹ್ನ ಹನ್ನೆರಡರಿಂದ ಎರಡೂವರೆಯವರೆಗೆ ಊಟ ಮತ್ತು ಹೊರಗಿನ ಕೆಲಸಕ್ಕೆ ಬಿಡಿಸಿಕೊಳ್ಳಿ. ಪೋಸ್ಟರ್ ಪ್ರದರ್ಶನ, ಗುಂಪು ಚರ್ಚೆ ಎಲ್ಲ ಐದರ ನಂತರ ಇರಲಿ. ಹೊರಗೆ ಕತ್ತಲಾದ ಮೇಲೆ ಒಳಗೆ ಕೂರುವುದು ಯಾರಿಗೂ ನಷ್ಟ ಅನ್ನಿಸುವುದಿಲ್ಲ. ಇದು ಹೊಸ ಪ್ರಯೋಗವೇನೂ ಅಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಹ್ಯೂತಿಯಾಲಾ ಅರಣ್ಯ ಕೇಂದ್ರ ತಾಂಪೆರೆಯ ಈಶಾನ್ಯಕ್ಕೆ, ಕೆರೆದಂಡೆಯಲ್ಲೇ ಇದೆ. 1910ರಿಂದ ಅಲ್ಲಿ ವಿದ್ಯಾರ್ಥಿಗಳು ಉಳಿದುಕೊಂಡು ಕಲಿಯುತ್ತಿದ್ದಾರೆ. ಪಾಠ, ಊಟ, ಕಾಡು, ಸೌನಾ ಎಲ್ಲ ಒಂದೇ ಅಂಗಳದಲ್ಲಿ ನಡೆಯುವ ರೂಢಿ ಈ ದೇಶದಲ್ಲಿ ಹಳೆಯದು.

ಇನ್ನು ಮೊದಲ ಸಂಜೆಯ ಕೆಲಸ. ನಾನು ಐಸ್ ಲಾಟೀನಿನಿಂದ ಶುರು ಮಾಡಿ ಅನ್ನುತ್ತೇನೆ. ಇಲ್ಲಿಯ ಮಕ್ಕಳೂ ಮಾಡುತ್ತಾರೆ, ಅಷ್ಟು ಸುಲಭ. ಹತ್ತು ಲೀಟರಿನ ಸಾದಾ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ಬಾಯಿಗಿಂತ ನಾಲ್ಕು ಬೆರಳು ಕೆಳಗಿನವರೆಗೆ ನೀರು ತುಂಬಿ. ಹೊರಗೆ ಹಿಮದ ಮೇಲೆ ಇಡಿ. ಮೈನಸ್ ಹತ್ತು ಡಿಗ್ರಿ ಚಳಿ ಇದ್ದರೆ ಬೆಳಗಾಗುವಷ್ಟರಲ್ಲಿ ಮೇಲ್ಭಾಗ ಮತ್ತು ಸುತ್ತಲಿನ ಗೋಡೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಗಟ್ಟಿಯಾಗಿರುತ್ತದೆ, ನಡುವೆ ಇನ್ನೂ ನೀರೇ ಇರುತ್ತದೆ. ಬಕೆಟ್ಟಿನ ಹೊರಗೆ ಸ್ವಲ್ಪ ಬಿಸಿನೀರು ಹಾಕಿ ಬೋರಲು ಮಾಡಿದರೆ ಇಡೀ ಗಡ್ಡೆ ಜಾರಿ ಹೊರಬರುತ್ತದೆ. ಬಕೆಟ್ಟಿನ ತಳದ ಕಡೆ ಐಸ್ ತೆಳ್ಳಗಿರುತ್ತದೆ. ಅಲ್ಲಿ ಚಮಚದಿಂದ ಕುಟ್ಟಿ ತೂತು ಮಾಡಿ ನೀರು ಚೆಲ್ಲಿ. ಒಳಗೆ ಒಂದು ಮೇಣದಬತ್ತಿ ಇಟ್ಟರೆ ಲಾಟೀನು ಸಿದ್ಧ. ಚಳಿ ಮೈನಸ್ ಇಪ್ಪತ್ತಕ್ಕೆ ಇಳಿದಿದ್ದರೆ ಮಾತ್ರ ರಾತ್ರಿಯಿಡೀ ಬಿಡಬೇಡಿ, ಪೂರ್ತಿ ಕಲ್ಲಾಗಿಬಿಡುತ್ತದೆ. ಮಲಗುವ ಮೊದಲು ಒಮ್ಮೆ ನೋಡಿ.

ಅಕಸ್ಮಾತ್ ಆ ವಾರ ಚಳಿ ಕಡಿಮೆಯಾಗಿ ಸೊನ್ನೆಯ ಹತ್ತಿರ ಬಂದರೆ ಐಸ್ ಕಟ್ಟುವುದಿಲ್ಲ. ಆಗ ಹಿಮ ಒದ್ದೆಯಾಗಿ ಅಂಟಂಟಾಗಿರುತ್ತದೆ. ಉಂಡೆ ಕಟ್ಟಿ, ದುಂಡಗೆ ಜೋಡಿಸುತ್ತಾ ಗೋಪುರ ಮಾಡಿ, ಒಳಗೆ ದೀಪ ಇಡಿ. ಅದು ಹಿಮದ ಲಾಟೀನು. ಮೈನಸ್ ಹದಿನೈದರ ಒಣ ಹಿಮದಲ್ಲಿ ಉಂಡೆ ನಿಲ್ಲುವುದೇ ಇಲ್ಲ, ಪುಡಿಪುಡಿಯಾಗುತ್ತದೆ. ಹೀಗೆ ಹವೆ ಹೇಗಿದ್ದರೂ ಎರಡರಲ್ಲಿ ಒಂದು ನಡೆಯುತ್ತದೆ. ಐದೈದು ಜನರಿಗೆ ಒಂದು ಬಕೆಟ್ ಕೊಡಿ. ಒಂದೇ ದೇಶದವರು ಒಂದೇ ಗುಂಪಿನಲ್ಲಿ ಬೀಳದಂತೆ ನೋಡಿಕೊಳ್ಳಿ. ಎರಡನೇ ಸಂಜೆ ಊಟದ ಮನೆಯಿಂದ ಸೌನಾದವರೆಗಿನ ದಾರಿಯುದ್ದಕ್ಕೂ ಅವರವರು ಮಾಡಿದ ದೀಪ ಉರಿಯುತ್ತಿರಲಿ. ಸೌನಾಕ್ಕೆ ಹೋಗದವರ ಕೈಕೆಲಸವೂ ಆ ದಾರಿಯಲ್ಲಿರುತ್ತದೆ, ಅಲ್ವಾ?

ಈಗ ಸೌನಾ ವಿಚಾರ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗಿನ ವಿದ್ಯಾರ್ಥಿಗಳು ಹೆಚ್ಚು ಹೆದರುವುದು ಇದಕ್ಕೇ. ಸುಮಾರು 56 ಲಕ್ಷ ಜನರಿರುವ ಈ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. 2020ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಯವರಿಗೆ ಅದು ದಿನನಿತ್ಯದ ಸಂಗತಿ. ಹಾಗಾಗಿ ಅದರ ರೀತಿನೀತಿ ವಿವರಿಸಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ನೀವು ವಿವರಿಸಿ. ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆ ಒಲೆಗೆ ಸೌದೆ ತುರುಕಿ, ಹಬ್ಬದ ದಿನ ಎಣ್ಣೆ ಹಚ್ಚಿಕೊಂಡು ಹೊಗೆ, ಹಬೆಯ ನಡುವೆ ಕೂತ ನೆನಪು ನಿಮಗಿದ್ದರೆ ಸೌನಾದ ಸುಖ ಏನು ಅಂತ ಬೇಗ ಗೊತ್ತಾಗುತ್ತದೆ. ತೊಡಕು ಇರುವುದು ಬಟ್ಟೆಯ ವಿಷಯದಲ್ಲಿ.

ಫಿನ್ನಿಶ್ ಜನ ಸೌನಾದಲ್ಲಿ ಬೆತ್ತಲೆ ಕೂರುತ್ತಾರೆ. ಗಂಡಸರು, ಹೆಂಗಸರು ಬೇರೆ ಬೇರೆ ಹೊತ್ತಿನಲ್ಲಿ ಹೋಗುವುದು ರೂಢಿ. ವಿದ್ಯಾರ್ಥಿ ಕೂಟಗಳಲ್ಲಿ ಇದರ ಜೊತೆಗೆ ಎಲ್ಲರೂ ಸೇರುವ ಒಂದು ಸರದಿ ಇರುತ್ತದೆ, ಅದಕ್ಕೆ ಈಜುಡುಗೆ ಹಾಕಿಕೊಳ್ಳುತ್ತಾರೆ. ನೀವು ನಾಲ್ಕು ಸರದಿ ಮಾಡಿ: ಹೆಂಗಸರದ್ದು, ಗಂಡಸರದ್ದು, ಈಜುಡುಗೆಯಲ್ಲಿ ಎಲ್ಲರದ್ದು, ಕೊನೆಗೆ ಒಬ್ಬರೋ ಇಬ್ಬರೋ ತಾವೇ ಹೋಗಿ ಬರಲು ಬರೆಸಿಕೊಳ್ಳುವ ಅರ್ಧರ್ಧ ಗಂಟೆ. ಯಾವ ಸರದಿಯಲ್ಲೂ ಟವೆಲ್ ಸುತ್ತಿಕೊಂಡು ಕೂರಬಹುದು ಅಂತ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಹಾಕಿ. ನಾಲ್ಕನೇ ಸರದಿ ಬಹಳ ಸಣ್ಣ ಏರ್ಪಾಡು. ಆದರೆ ಮೊದಲ ಬಾರಿ ಬರುವ ಎಷ್ಟೋ ಜನ ಅದೊಂದು ಇದೆ ಅನ್ನುವ ಕಾರಣಕ್ಕೇ ಧೈರ್ಯ ಮಾಡುತ್ತಾರೆ.

ಒಳಗಿನ ಕ್ರಮವನ್ನೂ ಮೊದಲೇ ಹೇಳಿ. ಮೊದಲು ಶವರಿನಲ್ಲಿ ಮೈ ತೊಳೆಯಬೇಕು. ಕೂರುವ ಜಾಗಕ್ಕೆ ಸಣ್ಣ ಟವೆಲ್ ಹಾಸಿಕೊಳ್ಳಬೇಕು. ಬಳೆ, ಸರ, ಓಲೆ, ಕನ್ನಡಕ ತೆಗೆದಿಡಬೇಕು, ಲೋಹ ಕಾದು ಚುರುಕ್ ಅನ್ನುತ್ತದೆ. ಫೋನ್ ಒಳಗೆ ತರುವಂತಿಲ್ಲ. ಮೇಲಿನ ಮೆಟ್ಟಿಲು ಬಿಸಿ ಜಾಸ್ತಿ, ಕೆಳಗಿನದು ಕಡಿಮೆ, ಹೊಸಬರು ಕೆಳಗೇ ಕೂರಲಿ. ಹೊಸಬರಿರುವ ಸರದಿಗೆ 70 ಡಿಗ್ರಿ ಸಾಕು. ಹಳಬರು 90ಕ್ಕೆ ಏರಿಸಿಕೊಳ್ಳಲು ಆಮೇಲೆ ಹೊತ್ತಿದೆ. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಾಗ ಚುಯ್ ಅಂತ ಸದ್ದಾಗುತ್ತದೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹಬೆ ಚಾವಣಿಯಿಂದ ಇಳಿದು ಕಿವಿಯ ತುದಿ, ಭುಜ, ಬೆನ್ನಿಗೆ ಒಮ್ಮೆಲೇ ಅಪ್ಪಳಿಸುತ್ತದೆ. ಈ ಹಬೆಯನ್ನೇ ಲೊಯ್ಲು ಅನ್ನುತ್ತಾರೆ. ಗೊತ್ತಿಲ್ಲದವರು ಅಷ್ಟಕ್ಕೇ ಬೆದರಿ ಎದ್ದು ಓಡುವುದುಂಟು. ಹಾಗಾಗಿ ನೀರು ಹಾಕುವ ಮೊದಲು ಕೂತವರನ್ನು ಕೇಳಿ ಹಾಕಬೇಕು. ಇದು ಫಿನ್ನಿಶ್ ಜನರೇ ಪಾಲಿಸುವ ಮರ್ಯಾದೆ. ಸಾಕು ಅನ್ನಿಸಿದ ಕೂಡಲೇ ಎದ್ದು ಹೋಗಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಹೊರಗೆ ಬಂದು ನೀರು ಕುಡಿಯಲಿ.

ಮಂಜುಗಡ್ಡೆ ಕೊರೆದ ಕೆರೆಯ ಹೊಂಡಕ್ಕೆ ಇಲ್ಲಿ ಅವಂತೊ ಅನ್ನುತ್ತಾರೆ. ಅದಕ್ಕೆ ಇಳಿಯುವ ಬಗ್ಗೆ ನಾನು ಕಟ್ಟುನಿಟ್ಟು. ನೀರು ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿರುತ್ತದೆ, ಅಷ್ಟೇ. ಮೈಗೆ ತಾಗಿದ ಕೂಡಲೇ ಉಸಿರು ತಂತಾನೇ ಒಳಗೆ ಎಳೆದುಕೊಳ್ಳುತ್ತದೆ, ಅದು ಯಾರ ಹಿಡಿತದಲ್ಲೂ ಇರುವುದಿಲ್ಲ. ಆ ಹೊತ್ತಿಗೆ ತಲೆ ನೀರಿನೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಆದ್ದರಿಂದ ಹಾರಬಾರದು, ಮುಳುಗಬಾರದು. ಏಣಿ ಹಿಡಿದು ನಿಧಾನವಾಗಿ ಇಳಿಯಬೇಕು, ಉದ್ದಕ್ಕೆ ಉಸಿರು ಬಿಡುತ್ತಾ ಭುಜದವರೆಗೆ ನೀರಲ್ಲಿ ಹತ್ತು ಸೆಕೆಂಡ್ ನಿಂತು ಹತ್ತಿ ಬಂದರೆ ಸಾಕು. ಕೈ ಏಣಿಯನ್ನು ಬಿಡಲೇಬಾರದು. ಹೀಗಾದರೆ ಈಜು ಬಾರದವರೂ ಇಳಿಯಬಹುದು. ಹೃದಯದ ತೊಂದರೆ, ಬಿ.ಪಿ., ಆಸ್ತಮಾ ಇರುವವರು, ಬಸುರಿಯರು ಇಳಿಯುವುದು ಬೇಡ. ಕುಡಿದವರು ಖಂಡಿತ ಬೇಡ. ಗಟ್ಟಿ ಏಣಿ, ಕೈಹಿಡಿ, ದೀಪ, ಮರಳು ಹಾಕಿದ ದಾರಿ, ಪಕ್ಕದಲ್ಲಿ ಇದನ್ನು ಬಲ್ಲ ಊರಿನವರೊಬ್ಬರು, ಇಷ್ಟೂ ಇಲ್ಲದಿದ್ದರೆ ಅದನ್ನು ಪಟ್ಟಿಯಿಂದಲೇ ತೆಗೆಯಿರಿ. ಇನ್ನೊಂದು ಮಾತು. ದಂಡೆಯಲ್ಲಿ ನಿಂತು "ಹೋಗು, ಹೋಗು" ಅಂತ ಹುರಿದುಂಬಿಸುವುದು, ಕೇಳದೆ ವಿಡಿಯೊ ಮಾಡುವುದು ಎರಡನ್ನೂ ನಿಲ್ಲಿಸಿ. ಒಬ್ಬರು ಬರೀ ಪಾದ ಅದ್ದಿ ವಾಪಸ್ ಬಂದರೆ ಅದೂ ಆಯಿತು.

ಮಧ್ಯಾಹ್ನದ ಬೆಳಕಿನ ಹೊತ್ತಿಗೆ ಹೊರಗೆ ಬೇಕಾದಷ್ಟು ಇದೆ. ಈ ದೇಶದಲ್ಲಿ ಯಾರು ಬೇಕಾದರೂ, ವಿದೇಶಿಯರೂ, ಯಾರದೇ ಕಾಡಿನಲ್ಲಿ ನಡೆಯಬಹುದು, ಸ್ಕೀ ಮಾಡಬಹುದು. ಮನೆಗಳ ಅಂಗಳಕ್ಕೆ ಹೋಗಬಾರದು, ಮರ ಕಡಿಯಬಾರದು, ಬದುಕಿರುವ ಬರ್ಚ್ ಮರದ ತೊಗಟೆ ಸುಲಿಯಬಾರದು. ಬೆಂಕಿ ಹಾಕಲು ಮಾತ್ರ ಜಾಗದ ಒಡೆಯರ ಒಪ್ಪಿಗೆ ಬೇಕು. ಕೋರ್ಸ್ ಸೆಂಟರಿನವರನ್ನು ಕೇಳಿ. ಹತ್ತಿರದಲ್ಲೇ ಒಲೆ ಇರುವ ಲಾವು ಇರಬಹುದು. ಲಾವು ಅಂದರೆ ಮೂರು ಕಡೆ ಮುಚ್ಚಿ, ಒಂದು ಕಡೆ ಬೆಂಕಿಯತ್ತ ತೆರೆದಿರುವ ಮರದ ಚಪ್ಪರ. ಅರ್ಧ ಗಂಟೆ ನಡೆದು ಅಲ್ಲಿಗೆ ಹೋಗಿ, ಬೆಂಕಿ ಮಾಡಿ, ಏನಾದರೂ ಸುಟ್ಟು ತಿಂದು ಬರುವುದಕ್ಕಿಂತ ಒಳ್ಳೆಯ ಮಧ್ಯಾಹ್ನ ಇನ್ನೊಂದಿಲ್ಲ. ಸೌದೆ ಸೀಳುವವರು, ತೆಳ್ಳಗೆ ಚಕ್ಕೆ ಎಬ್ಬಿಸುವವರು, ಬೆಂಕಿ ಊದುವವರು, ಕಾಫಿ ಕಾಸುವವರು ಅಂತ ಕೆಲಸ ಹಂಚಿ. ಇಲ್ಲಿ ಬೆಂಕಿಯಲ್ಲಿ ಸುಡುವುದು ಮಾಕ್ಕಾರಾ, ಅಂದರೆ ದಪ್ಪ ಸಾಸೇಜು. ಸಸ್ಯಾಹಾರಿಗಳಿಗೆ ಬೇರೆ ಸಾಸೇಜು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಸುಡುವ ಕಡ್ಡಿ, ಜಾಲರಿ ಬೇರೆಯೇ ಇರಬೇಕು. ಇದನ್ನು ಫಿನ್ನಿಶ್ ಗೆಳೆಯರಿಗೆ ನೀವೇ ಹೇಳಬೇಕು, ಅವರಿಗೆ ತೋಚುವುದಿಲ್ಲ.

ಸ್ಕೀ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಮೊದಲ ಸಲ ಹಾಕಿಕೊಂಡವರು ಒಂದು ಗಂಟೆ ಬೀಳುವುದರಲ್ಲೇ ಕಳೆಯುತ್ತಾರೆ, ಮಾತುಕತೆ ನಡೆಯುವುದಿಲ್ಲ. ಇಷ್ಟ ಇದ್ದವರಿಗೆ ಸಮತಟ್ಟಾದ ಜಾಗದಲ್ಲಿ ಕಲಿಸಿ. ಉಳಿದವರಿಗೆ ಹಿಮದ ಮೇಲೆ ನಡೆಯುವ ಅಗಲ ಪಾದುಕೆ ಕೊಡಿ. ಸ್ಕೀ ಹಾದಿಯ ಗೆರೆಗಳ ಮೇಲೆ ಯಾರೂ ನಡೆಯಬಾರದು, ಅದು ಊರಿನವರಿಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ. ಕೋರ್ಸ್ ಸೆಂಟರಿನ ಕೊಟ್ಟಿಗೆಯಲ್ಲಿ ಪೊಟ್ಕುಕೆಲ್ಕಾ ಇದೆಯಾ ಕೇಳಿ. ಉದ್ದನೆಯ ಎರಡು ಉಕ್ಕಿನ ಪಟ್ಟಿಯ ಮೇಲೆ ಕುರ್ಚಿ ಕೂರಿಸಿದ ಗಾಡಿ ಅದು. ಒಬ್ಬರು ಕೂರುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ಕಾಲಲ್ಲಿ ಒದ್ದು ತಳ್ಳುತ್ತಾರೆ. ಐದು ನಿಮಿಷದಲ್ಲಿ ಎಲ್ಲರಿಗೂ ಬರುತ್ತದೆ. ಇಬ್ಬರು ಸೇರಿ ಓಡಿಸುವಂಥದ್ದು, ಹಾಗಾಗಿ ಗೆಳೆತನವೂ ತಾನಾಗಿ ಆಗುತ್ತದೆ.

ಕೆರೆ ಹೆಪ್ಪುಗಟ್ಟಿರುವಾಗ ಗಡ್ಡೆ ಕೊರೆದು ಸಣ್ಣ ಗಾಳದಲ್ಲಿ ಮೀನು ಹಿಡಿಯಲು ಪರವಾನಗಿ ಬೇಕಿಲ್ಲ, ಶುಲ್ಕವೂ ಇಲ್ಲ. ಮೀನು ಹಿಡಿಯುವುದು ಬೇಡ ಅನ್ನುವವರು ಗಡ್ಡೆ ಕೊರೆದು, ಅದರ ದಪ್ಪ ಅಳೆದು ನೋಡಲಿ, ಅದೇ ಒಂದು ಪಾಠ. ಗಟ್ಟಿಯಾದ, ತಿಳಿ ಐಸ್ ಐದು ಸೆಂಟಿಮೀಟರ್ ಇದ್ದರೆ ಒಬ್ಬ ಮನುಷ್ಯನನ್ನು ತಡೆಯುತ್ತದೆ ಅಂತ ಇಲ್ಲಿ ಹೇಳುತ್ತಾರೆ. ಗುಂಪಿಗೆ ಅದು ಏನೇನೂ ಸಾಲದು. ತೊರೆ ಸೇರುವ ಜಾಗ, ಜೊಂಡಿನ ಅಂಚು, ಸೇತುವೆಯ ಕೆಳಗೆ ಫೆಬ್ರವರಿಯಲ್ಲೂ ಐಸ್ ತೆಳ್ಳಗಿರಬಹುದು. ಎಲ್ಲಿ ಹೋಗಬಹುದು ಅಂತ ಆ ಕೆರೆಯನ್ನು ಬಲ್ಲವರು ಹೇಳಲಿ, ನೀವು ಊಹಿಸಬೇಡಿ. ಒಂದೇ ಕಡೆ ಕೂರುವ ಕೆಲಸ ಆದ್ದರಿಂದ ಅರ್ಧ ಗಂಟೆಗೆ ಮುಗಿಸಿ.

ಆಟಗಳ ಪೈಕಿ ಕ್ಯೂಕ್ಕಾ ಆಡಿಸಿ. ಉದ್ದ ಕೋಲು ಬೀಸಿ ಎಸೆದು, ಚೌಕದಲ್ಲಿ ನಿಲ್ಲಿಸಿದ ಮರದ ತುಂಡುಗಳನ್ನು ಗೆರೆಯಾಚೆ ಉರುಳಿಸುವ, ಪೂರ್ವದ ಕರೇಲಿಯಾ ಸೀಮೆಯ ಆಟ. ತಾಂಪೆರೆಯ ವಿದ್ಯಾರ್ಥಿಗಳು ಚಳಿಗಾಲದಲ್ಲಿ ಇದರ ದೊಡ್ಡ ಪಂದ್ಯವನ್ನೇ ನಡೆಸುತ್ತಾರೆ, ಸಾಮಾನು ಅವರ ಹತ್ತಿರ ಎರವಲು ಸಿಗಬಹುದು. ಸಿಗದಿದ್ದರೆ ಮೊಲ್ಕ್ಯು ಇದೆ, ಅದು 1996ರಲ್ಲಿ ಲಾಹ್ತಿ ಪಟ್ಟಣದಲ್ಲಿ ಹುಟ್ಟಿದ ಆಟ. ಅಂಕಿ ಬರೆದ 12 ತುಂಡುಗಳನ್ನು ಕೆಡವಿ ಸರಿಯಾಗಿ 50 ಅಂಕ ಮುಟ್ಟಬೇಕು, ಮೀರಿದರೆ 25ಕ್ಕೆ ಇಳಿಯುತ್ತೀರಿ. ಬಲಶಾಲಿಗಳಿಗಿಂತ ತಾಳ್ಮೆ ಇರುವವರೇ ಗೆಲ್ಲುತ್ತಾರೆ. ಆಮೇಲೆ ನೀವು ಲಗೋರಿ ಕಲಿಸಿ. ಸೌದೆಯ ಏಳು ಚಪ್ಪಟೆ ತುಂಡು, ಒಂದು ಮೆತ್ತನೆ ಚೆಂಡು ಸಾಕು. ದಪ್ಪ ಕೋಟು ಹಾಕಿಕೊಂಡವರಿಗೆ ಚೆಂಡಿನ ಏಟು ತಾಗುವುದೂ ಇಲ್ಲ.

ಎರಡನೇ ರಾತ್ರಿ ಒಳಗೆ ಅಡುಗೆ ಮಾಡಿಸಿ. ದೇಶಕ್ಕೊಂದು ಸ್ಲೈಡ್ ತೋರಿಸುವ "ಅಂತರರಾಷ್ಟ್ರೀಯ ಸಂಜೆ" ದಯವಿಟ್ಟು ಬೇಡ, ಹಗಲೆಲ್ಲ ಸ್ಲೈಡ್ ನೋಡಿ ಎಲ್ಲರಿಗೂ ಸಾಕಾಗಿರುತ್ತದೆ. ಕೊರ್ವಾಪೂಸ್ತಿ ಅನ್ನುವ ಏಲಕ್ಕಿ, ದಾಲ್ಚಿನ್ನಿಯ ಸುರುಳಿ ಬನ್ನು ಇದೆಯಲ್ಲ, ಅದರ ಹಿಟ್ಟು ನಾದಿಸಿ. ಏಲಕ್ಕಿಯ ಘಮ ಬಂದ ಕೂಡಲೇ ನಮ್ಮ ಕಡೆಯವರು, ಅರಬ್ಬರು, ಸ್ವೀಡನ್ನಿನವರು ಎಲ್ಲರೂ ತಂತಮ್ಮ ಮನೆಯ ಮಾತು ತೆಗೆಯುತ್ತಾರೆ. ಊಟದ ವಿಷಯದಲ್ಲಿ ಒಂದು ಎಚ್ಚರ. ಇಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆ ಸೇರಿರುತ್ತದೆ. ಕರೇಲಿಯಾದ ಅನ್ನದ ಪೇಸ್ಟ್ರಿಯ ಮೇಲೆ ಹಚ್ಚುವ ಬೆಣ್ಣೆಯಲ್ಲೂ ಬೇಯಿಸಿದ ಮೊಟ್ಟೆ ಇರುತ್ತದೆ. ಬಟಾಣಿ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಅಡುಗೆಯವರಿಗೆ "ಮೊಟ್ಟೆ ಬೇಡ, ಜೆಲಟಿನ್ ಬೇಡ" ಅಂತ ಬಿಡಿಸಿ ಬರೆದು ಕೊಡಿ. ರಂಜಾನ್ ಈಗ ಕೆಲವು ವರ್ಷ ಫೆಬ್ರವರಿಯ ಆಸುಪಾಸಿನಲ್ಲೇ ಬರುತ್ತಿದೆ. ನಿಮ್ಮ ದಿನಾಂಕಕ್ಕೆ ತಾಗಿದರೆ ಉಪವಾಸ ಇರುವವರಿಗೆ ಸಂಜೆ ಐದರ ಸುಮಾರಿಗೆ ಬಿಸಿ ಊಟ, ಬೆಳಗಿನ ಜಾವಕ್ಕೆ ಫ್ರಿಜ್ಜಿನಲ್ಲಿ ಏನಾದರೂ ಇರುವಂತೆ ನೋಡಿಕೊಳ್ಳಿ.

ಹಾಡು ಹೇಳುತ್ತಾ, ಗ್ಲಾಸ್ ಎತ್ತುತ್ತಾ ನಡೆಯುವ ವಿದ್ಯಾರ್ಥಿ ಭೋಜನಕ್ಕೆ ಸಿತ್ಸಿತ್ ಅನ್ನುತ್ತಾರೆ. ಅದನ್ನು ಇಡಬಹುದು. ಅಪ್ಪಣೆ ಇಲ್ಲದೆ ಎದ್ದು ಹೋಗುವಂತಿಲ್ಲ ಅನ್ನುವ ಅದರ ನಿಯಮವನ್ನು ಸಡಿಲಿಸಿ. ಹಾಡಿನ ಹಾಳೆಯಲ್ಲಿ ಇಂಗ್ಲಿಷ್ ಅರ್ಥವೂ ಇರಲಿ. ಲಿಂಗಾನ್‌ಬೆರಿ ಜ್ಯೂಸನ್ನು ವೈನಿನ ಪಕ್ಕದಲ್ಲೇ, ಅದೇ ಥರದ ಗ್ಲಾಸಿನಲ್ಲಿ ಇಡಿ. ಕರಯೋಕೆ ಇದ್ದರೆ ಇನ್ನೂ ಒಳ್ಳೆಯದು, ಫಿನ್ನಿಶ್ ಜನ ಅದರಲ್ಲಿ ಅರಳುತ್ತಾರೆ.

ರಾತ್ರಿ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಉತ್ತರದ ಬೆಳಕು (ಅರೋರಾ) ತೋರಿಸುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಕಾರ್ಯಕ್ರಮದಲ್ಲಿ ಅದನ್ನು ಹಾಕಬೇಡಿ. ತಾಂಪೆರೆ ಲ್ಯಾಪ್‌ಲೆಂಡಿನಷ್ಟು ಉತ್ತರಕ್ಕಿಲ್ಲ, ಮೋಡ ಮುಚ್ಚಿದರೆ ಏನೂ ಕಾಣುವುದಿಲ್ಲ. ಬದಲಿಗೆ ಒಂದು ಹಾಳೆ ಅಂಟಿಸಿ: ರಾತ್ರಿ ಕಂಡರೆ ಯಾರ ಬಾಗಿಲು ತಟ್ಟಬೇಕು ಅಂತ. ಫಿನ್ಲೆಂಡ್‌ನ ಹವಾಮಾನ ಸಂಸ್ಥೆಯ ಮುನ್ಸೂಚನೆಯ ಮೇಲೆ ಒಬ್ಬರು ಕಣ್ಣಿಟ್ಟಿರಲಿ.

ಸುರಕ್ಷತೆಯ ಎರಡು ಮೂರು ಮಾತು. ಹೊರಗೆ ಹೋಗುವಾಗ ಜೋಡಿ ಮಾಡಿ ಕಳಿಸಿ, ಬಂದಾಗ ತಲೆ ಎಣಿಸಿ. ಜೋಡಿಯವರು ಆಗಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ. ಕೆನ್ನೆ, ಮೂಗಿನ ಮೇಲೆ ಬಿಳಿ ಮಚ್ಚೆ ಕಂಡರೆ ಚಳಿ ಕಚ್ಚಿದೆ ಅಂತ ಅರ್ಥ. ಉಜ್ಜಬೇಡಿ, ಬೆಚ್ಚಗಿನ ಅಂಗೈ ಇಟ್ಟು ಒಳಗೆ ಕರೆದುಕೊಂಡು ಬನ್ನಿ. ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರು ಬೆಳಕು ಹೊಳೆಯಿಸುವ ಬಿಲ್ಲೆ ಹಾಕಿಕೊಳ್ಳಬೇಕು ಅಂತ ಇಲ್ಲಿ ಕಾನೂನೇ ಇದೆ. ಸಮ್ಮೇಳನದ ನೆನಪಿಗೆ ಬಟ್ಟೆಚೀಲದ ಬದಲು ಅದನ್ನೇ ಕೊಡಿ. ಎಲ್ಲರ ಫೋನಿನಲ್ಲೂ 112 ಸುವೋಮಿ ಆ್ಯಪ್ ಹಾಕಿಸಿ. ಅದರಿಂದ ಕರೆ ಮಾಡಿದರೆ ಕಾಡಿನೊಳಗೆ ಎಲ್ಲಿದ್ದೀರಿ ಅನ್ನುವುದು ತುರ್ತು ಸೇವೆಗೆ ಗೊತ್ತಾಗುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಒಳಜೇಬಿನಲ್ಲಿ ಇಡಲು ಹೇಳಿ.

ಕೊನೆಗೆ ಬಟ್ಟೆ. ಚಳಿಯಲ್ಲಿ ನರಳುವವರಿಗೆ ಯಾವ ಕಾರ್ಯಕ್ರಮವೂ ರುಚಿಸುವುದಿಲ್ಲ. ಈಗಲೇ ಎಲ್ಲರಿಗೂ ಒಂದು ಪತ್ರ ಬರೆಯಿರಿ: ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಉಣ್ಣೆಯ ಕಾಲುಚೀಲ ಎರಡು ಜೊತೆ, ಬೆರಳಿಗೊಂದರಂತಿರುವ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಮೇಲು, ಬೂಟು ಒಂದು ಅಳತೆ ದೊಡ್ಡದು. ಅದೇ ಪತ್ರದಲ್ಲಿ ಬೂಟಿನ ಅಳತೆ, ಊಟದ ಕ್ರಮ, ಆರೋಗ್ಯದ ತೊಂದರೆ, ಸೌನಾದ ಯಾವ ಸರದಿ ಇಷ್ಟ ಅಂತ ಕೇಳಿ. ಬಿಸಿಲ ನಾಡಿನಿಂದ ಬರುವವರು ನಾಲ್ಕು ದಿನಕ್ಕೆ ಬೂಟು ಕೊಳ್ಳಲಾರರು. ನಿಮ್ಮ ವಿಭಾಗದವರ ಮನೆಗಳಲ್ಲಿ ಸುಮ್ನೆ ಬಿದ್ದಿರುವ ಕೋಟು, ಬೂಟುಗಳನ್ನು ಕೇಳಿ ತಂದು ರಾಶಿ ಹಾಕಿ. ಹಿಮದ ಪಾದುಕೆ, ಸ್ಕೀ ಬಾಡಿಗೆಗೆ ತರುವುದಾದರೆ ತಡ ಮಾಡಬೇಡಿ. ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲವರೆಗೆ ಶಾಲೆಗಳಿಗೆ ಸರದಿಯಂತೆ ಸ್ಕೀ ರಜೆ ಬರುತ್ತದೆ. ಆಗ ಬೇಡಿಕೆ ಜಾಸ್ತಿ. ಜನವರಿಯಲ್ಲೇ ಕಾದಿರಿಸಿಬಿಡಿ.